ಅಟ್ಟಕ್ಕೆ ಹಾಕಿದ ‘ಶೈ’

ಆ ಬೇಸಿಗೆಯಲ್ಲಿ ನಾವು ಶಬ್ದಗಳನ್ನು ತೆಂಗಿನಕಾಯಿಯಂತೆ ಅಟ್ಟಕ್ಕೆ ಹಾಕುತ್ತಿದ್ದೆವು. ಇದನ್ನು ಅಲಂಕಾರದ ಮಾತೆಂದು ಓದುಗರು ಭಾವಿಸಬಾರದು. ದಿನವೂ ನಡೆಯುತ್ತಿದ್ದ ಕೆಲಸವೇ ಅದು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿದ್ದ ಒಂದು ಸಣ್ಣ ಮುದ್ರಣಾಲಯವು ಪ್ರೌಢಶಾಲೆಯ ಮಕ್ಕಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟೊಂದನ್ನು ಹೊರತರಲು ನಿಶ್ಚಯಿಸಿತ್ತು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅದರ ಸಂಪಾದಕರು. ಅವರ ಕೈಕೆಳಗೆ ನಾವಿಬ್ಬರು: ತುರುವೇಕೆರೆಯಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದ ನಾನು, ಮತ್ತು ತಿಪಟೂರಿನವರೇ ಆದ ವಕೀಲರೊಬ್ಬರ ಮಗ.

ಪ್ರತಿ ಶಬ್ದಕ್ಕೂ ಒಂದು ಚೀಟಿ. ಮದುವೆಯ ಕರೆಯೋಲೆ ಮುದ್ರಿಸಿ ಉಳಿದ ದಪ್ಪ ಕಾಗದವನ್ನು ಕತ್ತರಿಸಿ ಮಾಡಿದ ಚೀಟಿಗಳವು. ಕೆಲವುಗಳ ಹಿಂಬದಿಯಲ್ಲಿ ಗಣಪತಿಯ ಅರ್ಧ ಸೊಂಡಿಲು ಉಳಿದಿರುತ್ತಿತ್ತು. ಮೇಲೆ ಇಂಗ್ಲಿಷ್ ಶಬ್ದ, ಅದರ ಕೆಳಗೆ ಕನ್ನಡದ ಅರ್ಥ, ಅನಂತರ ಒಂದು ಉದಾಹರಣೆ, ಕೊನೆಯಲ್ಲಿ ಆ ಶಬ್ದ ಎಲ್ಲಿಂದ ಬಂದಿತೆಂಬ ಒಂದು ಸಾಲು. ಬರೆದ ಚೀಟಿಗಳನ್ನು ದಾರದಿಂದ ಕಟ್ಟಿ, ಬಿದಿರು ಬುಟ್ಟಿಯಲ್ಲಿಟ್ಟು, ಮುದ್ರಣಾಲಯದ ಅಟ್ಟಕ್ಕೆ ಏರಿಸಬೇಕು. ಮುಂದಿನ ಸಂತೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿ ಗಡಗಡ ಎನ್ನುವವರೆಗೂ ಕಾಯುತ್ತಾರಲ್ಲವೇ, ಸಂಪಾದಕರು ಆ ಪದ್ಧತಿಯನ್ನೇ ಚೀಟಿಗಳಿಗೂ ತಂದಿದ್ದರು.

“ಬರ್ದಾಗ ಎಲ್ಲಾ ಅರ್ಥಾನೂ ಸರಿಯಾಗೇ ಕಾಣ್ತದೆ ಕಣಯ್ಯ. ನೀರು ಆರ್ಲಿ. ಆಮೇಲೆ ಅಲ್ಲಾಡಿಸಿ ನೋಡಣ,” ಎನ್ನುತ್ತಿದ್ದರು.

ಅಲ್ಲಾಡಿಸಿ ನೋಡುವ ಸ್ಥಳ ಮುದ್ರಣಾಲಯದ ಜಗಲಿ. ಸಂತೆಯ ದಿನ ಮಂಡಿಗೆ ಕೊಬ್ಬರಿ ತಂದ ಬೆಳೆಗಾರರು ಹರಾಜು ಆರಂಭವಾಗುವವರೆಗೆ ಅಲ್ಲಿ ನೆರಳಿಗೆ ಕುಳಿತಿರುತ್ತಿದ್ದರು. ಅವರಿಗೆ ಕನ್ನಡದ ಅರ್ಥವನ್ನೂ ಉದಾಹರಣೆಯನ್ನೂ ಓದಿ ಹೇಳಬೇಕು; ತಿಳಿದರೆ ಚೀಟಿ ಉಳಿಯಿತು, ತಿಳಿಯದಿದ್ದರೆ ಮತ್ತೆ ಬರೆಯಬೇಕು. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು: ಚೀಟಿ ಬರೆದವನು ಓದಕೂಡದು, ಇನ್ನೊಬ್ಬನು ಓದಬೇಕು. “ಬರ್ದೋನೇ ಓದಿದ್ರೆ ಕಣ್ಣಲ್ಲೇ ಅರ್ಥ ಹೇಳ್ಬುಡ್ತಾನೆ” ಎಂಬುದು ಸಂಪಾದಕರ ವಾದ. ಆದಕಾರಣ ನನ್ನ ಚೀಟಿಗಳನ್ನು ವಕೀಲರ ಮಗ ಓದುತ್ತಿದ್ದರು; ಅವರವನ್ನು ನಾನು.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹಾಗಾಗಲು ಅವರು ಏನೂ ಮಾಡಿರಲಿಲ್ಲ ಎಂಬುದೂ ಅದಕ್ಕೆ ಒಂದು ಕಾರಣ. ನಾನು ಕೆಂಡ ತುಂಬಿದ ಚೊಂಬಿನಿಂದ ಅಂಗಿಯನ್ನು ತೀಡಿ, ಮೊದಲ ಬಸ್ಸಿಗೇ ಬಂದು ಕುಳಿತಿರುತ್ತಿದ್ದೆ. ಅವರು ಹೊತ್ತೇರಿದ ಮೇಲೆ ಸ್ಕೂಟರಿನಲ್ಲಿ, ಸುಕ್ಕುಗಟ್ಟಿದ ಅಂಗಿಯಲ್ಲಿ ಬರುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಬೆಕ್ಕು, ನಾಯಿ ಎಂಬ ಶಬ್ದಗಳ ಇಂಗ್ಲಿಷ್ ಕಾಗುಣಿತವನ್ನೂ ನಾನು ನಿಘಂಟು ತೆರೆದು ಖಚಿತಪಡಿಸಿಕೊಳ್ಳುತ್ತಿದ್ದೆ. ಅವರು ಕರಡು ಸಹ ಮಾಡದೆ, ಕಿಟಕಿಯ ಹೊರಗೆ ನೋಡುತ್ತಾ ಬರೆದುಬಿಡುತ್ತಿದ್ದರು. ಅವರ ಬಳಿ ಕಡುಹಸಿರು ಬಣ್ಣದ ಒಂದು ಪೆನ್ನಿತ್ತು. ನನ್ನ ಪೆನ್ನಿನ ಮುಳ್ಳು ಆ ದಪ್ಪ ಕಾಗದವನ್ನು ಕೆರೆದು ಶಾಯಿ ಕಕ್ಕುವಾಗ, ಅವರದು ಸದ್ದೇ ಇಲ್ಲದೆ ಸಾಗುತ್ತಿತ್ತು. ಅವರು ನನ್ನನ್ನು “ಮೇಷ್ಟ್ರೇ” ಎಂದು ಆದರದಿಂದಲೇ ಕರೆಯುತ್ತಿದ್ದರು. ಆ ಆದರದಲ್ಲಿ ಎಲ್ಲಿಯಾದರೂ ತಾತ್ಸಾರ ಅಡಗಿದೆಯೇ ಎಂದು ಹುಡುಕುವುದರಲ್ಲಿ ನನ್ನ ಎಷ್ಟೋ ಮಧ್ಯಾಹ್ನಗಳು ಕಳೆದವು.

ರಜೆಯ ನಡುವಿನಲ್ಲಿ ಸಂಪಾದಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಷಯ ತಿಳಿಸಿದರು. ಶಾಲೆಗಳು ತೆರೆಯುವ ಮುನ್ನ ಸುತ್ತಲಿನ ತಾಲ್ಲೂಕುಗಳ ಮುಖ್ಯೋಪಾಧ್ಯಾಯರ ಸಭೆಯೊಂದು ತಿಪಟೂರಿನಲ್ಲಿ ನಡೆಯಲಿದೆ. ಅಲ್ಲಿ ಹಂಚಲು ಮಾದರಿ ಪುಟವೊಂದನ್ನು ಅಚ್ಚು ಮಾಡಬೇಕು. ಒಂದೇ ಶಬ್ದದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಚೀಟಿ ಬರೆಯಬೇಕು.

“ಯಾರ್ದು ಜಗಲಿ ಮೇಲೆ ನಿಲ್ತದೋ ಅದು ಅಚ್ಚಿಗೆ. ಪುಸ್ತಕದ ಮೊದಲ ಪುಟದಲ್ಲಿ ನನ್ ಹೆಸರಿನ ಕೆಳಗೆ ಸಹಾಯ ಸಂಪಾದಕ ಅಂತ ಬರ್ದೋನ ಹೆಸರು. ಒಬ್ಬಂದೇ. ಇಬ್ಬರದು ಹಾಕಿದ್ರೆ ಲಗ್ನಪತ್ರಿಕೆ ಆಗ್ತದೆ.”

ಕಂದಿಕೆರೆಯ ಬಳಿಯ ನಮ್ಮ ಮನೆತನದಲ್ಲಿ ಅದುವರೆಗೆ ಹೆಸರುಗಳು ಅಚ್ಚಾಗಿದ್ದುದು ಲಗ್ನಪತ್ರಿಕೆಗಳಲ್ಲಿ ಮತ್ತು ಮತದಾರರ ಪಟ್ಟಿಯಲ್ಲಿ ಮಾತ್ರ. ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರು! ಆ ಕ್ಷಣದಿಂದ ನನಗೆ ಅನ್ನ ಸೇರಲಿಲ್ಲ. ವಕೀಲರ ಮಗನೋ, “ಒಳ್ಳೇದು ಸಾರ್, ಯಾವ ಶಬ್ದ?” ಎಂದು ಆಕಳಿಸಿದರು.

ಶಬ್ದ ‘ಶೈ’ (shy). ಮಕ್ಕಳೆಲ್ಲರ ಬಾಯಲ್ಲಿ ಇರುವಂಥದು, ಚಿಕ್ಕದು, ಆದರೆ ಒಳಗೆ ಹಲವು ಅರ್ಥಗಳಿರುವಂಥದು ಎಂಬ ಕಾರಣಕ್ಕೆ ಸಂಪಾದಕರು ಅದನ್ನು ಆರಿಸಿದ್ದರು. ನನಗೆ ಒಳಗೊಳಗೇ ಸಂತೋಷವಾಯಿತು. ನಾಲ್ಕು ಜನರೆದುರು ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ನಾಲಗೆ ಒಣಗುವ ನನಗಿಂತ ಆ ಶಬ್ದವನ್ನು ಬಲ್ಲವರು ಯಾರು? ವಕೀಲರ ಮಗನಿಗೆ ಅದರ ಅನುಭವವಾದರೂ ಎಲ್ಲಿಂದ ಬರಬೇಕು?

ಮುದ್ರಣಾಲಯದಲ್ಲಿದ್ದ ಕೈನಿಘಂಟನ್ನು ಆಧಾರವಾಗಿಟ್ಟುಕೊಂಡು ನಾನು ಬರೆದೆ: “ಲಜ್ಜಾಶೀಲ, ಸಂಕೋಚಪ್ರವೃತ್ತಿಯುಳ್ಳ, ಅಪರಿಚಿತರ ಸಮ್ಮುಖದಲ್ಲಿ ವಿಮುಖತೆ ತಾಳುವ.” ಆ ನಿಘಂಟಿನಲ್ಲಿ ಕುದುರೆಗೂ ಈ ಶಬ್ದ ಅನ್ವಯಿಸುತ್ತದೆಂದು ಇದ್ದುದರಿಂದ “ಲಜ್ಜಾಶೀಲ ಅಶ್ವ” ಎಂದು ಉದಾಹರಣೆ ಸೇರಿಸಿದೆ. ಒಂದಾದರೂ ಹಳ್ಳಿಯ ಮಾತು ನುಸುಳದಂತೆ ಎಚ್ಚರ ವಹಿಸಿದ್ದೆ. ಚೀಟಿ ಕಟ್ಟಿ ಅಟ್ಟಕ್ಕೆ ಏರಿಸುವಾಗ ಇದು ಗೆಲ್ಲುವ ಚೀಟಿ ಎಂದೇ ನನ್ನ ಭಾವನೆ.

ಸಂತೆಯ ದಿನ ವಕೀಲರ ಮಗ ತಮ್ಮ ಗಂಭೀರವಾದ ಕಂಠದಲ್ಲಿ ನನ್ನ ಚೀಟಿಯನ್ನು ಓದಿದರು. ಟವಲು ಹಾಸಿ ಕುಳಿತಿದ್ದ ಹಿರಿಯರೊಬ್ಬರು ಕೈ ಮುಗಿದರು.

“ಯಾವ ದೇವ್ರ ಮಂತ್ರ ಸ್ವಾಮಿ ಇದು?”

ಜಗಲಿಯೆಲ್ಲ ನಕ್ಕಿತು. ನಾನು ಕಂಬದ ಹಿಂದಕ್ಕೆ ಸರಿದೆ.

ಅನಂತರ ಅವರ ಚೀಟಿಯನ್ನು ನಾನು ಓದಬೇಕು. ಅವರು ಸರಳವಾಗಿ “ನಾಚಿಕೆಯ ಸ್ವಭಾವದ” ಎಂದು ಬರೆದಿದ್ದರು. ಅದು ತಿಳಿಯಿತು, ಕೆಲವರು ತಲೆದೂಗಿದರು. ಆದರೆ ಮುಂದಿನ ಸಾಲು “ನಾಚಿಕೊಳ್ಳುವ ಕುದುರೆ” ಎಂದಿತ್ತು.

“ಕುದ್ರೆ ಯಾಕ್ಲಾ ನಾಚ್ಕಂತದೆ? ಹೆಣ್ ನೋಡಕ್ ಬಂದಿದ್ರಾ?” ಎಂದು ಒಬ್ಬನು ಪಕ್ಕದವನನ್ನು ತಿವಿದನು.

“ಲಾಳ ಹೊಡ್ಸಿರ್ಲಿಲ್ಲ ಅಂತ ಕಾಣ್ತದೆ ಬುಡು, ಬರಿಗಾಲು,” ಎಂದನು ಅವನು.

ನಗೆ ಅಡಗುವ ಮುನ್ನವೇ ನಾನು ಮುಂದಿನ ಅರ್ಥವನ್ನು ಓದಬೇಕಾಯಿತು. ಇಂಗ್ಲಿಷಿನಲ್ಲಿ ಇದೇ ಶಬ್ದಕ್ಕೆ ‘ಬೀಸಿ ಎಸೆ’ ಎಂಬ ಅರ್ಥವೂ ಉಂಟು. ಇಂಗ್ಲೆಂಡಿನ ಜಾತ್ರೆಗಳಲ್ಲಿ ತೆಂಗಿನಕಾಯಿಗಳನ್ನು ಸಾಲಾಗಿ ನಿಲ್ಲಿಸಿ, ಚೆಂಡಿನಿಂದ ಹೊಡೆದು ಉರುಳಿಸುವ ಆಟಕ್ಕೆ ಅದೇ ಹೆಸರು. ವಕೀಲರ ಮಗ ಅದನ್ನು ಬಹಳ ರುಚಿಕಟ್ಟಾಗಿ ಬರೆದಿದ್ದರು.

“ಕಾಯಿಗೆ ಹೊಡೀತಾರಾ? ಸುಮ್‌ಸುಮ್ನೆ?” ಬೆಳೆಗಾರರೊಬ್ಬರು ಎದ್ದೇ ನಿಂತರು. “ಒಂದ್ ಕಾಯಿ ಬರ್ಬೇಕಾದ್ರೆ ವರ್ಷ ಕಾಯ್ತೀವಿ ಕಣ್ರೀ ನಾವು! ಇಲ್ಲಿ ಬಂದ್ ಹೊಡೀಲಿ ನೋಡಣ, ನಾವೇನ್ ಹೊಡೀತೀವಿ ಅಂತ.”

ಸಂಪಾದಕರು ಎರಡು ಚೀಟಿಗಳನ್ನೂ ಹರಿದು ಹಾಕಿದರು. “ಒಂದು ಮಂತ್ರ, ಇನ್ನೊಂದು ತಮಾಷೆ. ಸಭೆಗೆ ಮುಂಚೆ ಒಂದೇ ಸಂತೆ ಉಳಿದಿರೋದು. ನೆಟ್ಟಗೆ ಬರ್ಕೊಂಡ್ ಬರ್ರಿ,” ಎಂದರು.

ಕೈನಿಘಂಟಿನಲ್ಲಿ ಇದ್ದುದು ನಾಲ್ಕೇ ಸಾಲು. ಶಬ್ದದ ಮೂಲವನ್ನು ವಿವರಿಸುವ ದೊಡ್ಡ ನಿಘಂಟು ಆ ಊರಿನಲ್ಲಿ ಇದ್ದುದು ಒಂದೇ ಮನೆಯಲ್ಲಿ, ವಕೀಲರ ಮನೆಯಲ್ಲಿ. ಅದು ನನಗೆ ತಿಳಿದಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ. ಅವರೇ ಸ್ಕೂಟರಿಗೆ ಕಾಲು ಹಾಕುತ್ತಾ, “ನಮ್ಮ ಮನೇಲಿ ಇದೆ ಬನ್ನಿ ಮೇಷ್ಟ್ರೇ, ಹಿಂದೆ ಕೂತ್ಕೊಳ್ಳಿ,” ಎಂದರು. ಎದುರಾಳಿಯ ಸ್ಕೂಟರಿನ ಹಿಂದೆ ಕುಳಿತು ಆಯುಧ ತರಲು ಹೊರಟವರು ಆ ಊರಿನಲ್ಲಿ ನನಗಿಂತ ಮೊದಲು ಯಾರೂ ಇದ್ದಿರಲಾರರು.

ಆ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟುಗಳು. ಅವರ ತಾಯಿ ಬಸಿಯ ಮೇಲೆ ಪಿಂಗಾಣಿ ಬಟ್ಟಲಿಟ್ಟು ಕಾಫಿ ತಂದರು. ಅದನ್ನು ಬಸಿಗೆ ಸುರಿದು ಕುಡಿಯಬೇಕೋ ಬಟ್ಟಲಿನಲ್ಲಿಯೇ ಕುಡಿಯಬೇಕೋ ತಿಳಿಯದೆ, ಆರುವವರೆಗೂ ಸುಮ್ಮನಿದ್ದೆ. ಅವರ ನಾಯಿಗೂ ಇಂಗ್ಲಿಷ್ ತಿಳಿಯುತ್ತಿತ್ತು. ‘ಸಿಟ್’ ಎಂದರೆ ಕೂರುತ್ತಿತ್ತು. ನಿಂತೇ ಇದ್ದ ನನಗೂ ಕುಳಿತುಕೊಳ್ಳಬೇಕೆನಿಸಿತು.

ನಿಘಂಟಿನ ಸಂಪುಟವನ್ನು ನನ್ನ ಮುಂದಿಟ್ಟು, ಅವರು ಸೋಫಾದ ಮೇಲೆ ಕಾಲು ಚಾಚಿದರು. “ನಾನು ಆಗಲೇ ನೋಡಿದೀನಿ. ನಾಚಿಕೆ, ಎಸೆಯೋದು, ಅಷ್ಟೇ.”

ಅವರು ಓದಿದ್ದುದು ದಪ್ಪ ಅಕ್ಷರಗಳನ್ನು. ನನ್ನಂಥವರು ಹಾಗೆ ಓದಲಾರರು. ಎಲ್ಲಿ ಏನು ತಪ್ಪಿಹೋಗುವುದೋ ಎಂಬ ಭಯದಿಂದ ಸಣ್ಣಕ್ಷರದ ಒಂದೊಂದು ಸಾಲನ್ನೂ ಬೆರಳಿಟ್ಟುಕೊಂಡು ಓದುತ್ತೇವೆ. ಹಾಗೆ ಓದುವಾಗಲೇ ಅದು ಸಿಕ್ಕಿತು. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ನಾಚಿಕೆಯ ಸೋಂಕೇ ಇರಲಿಲ್ಲ. ಥಟ್ಟನೆ ಬೆದರುವ, ಬೆಚ್ಚಿಬೀಳುವ ಎಂಬುದೇ ಅದರ ಮೊದಲ ಅರ್ಥ; ಕುದುರೆಯ ಮಾತಿನಲ್ಲಿ ಅದು ಗಟ್ಟಿಯಾಗಿ ಉಳಿದಿತ್ತು. ಮನುಷ್ಯರ ಸಂಕೋಚಕ್ಕೆ ಅದು ಹೊಂದಿಕೊಂಡಿದ್ದು ಎಷ್ಟೋ ಶತಮಾನಗಳ ನಂತರ. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ಶಬ್ದವೊಂದಕ್ಕೆ ಬೆದರಿಸು ಎಂದರ್ಥ. ಹೊಲದ ಬೆದರುಗೊಂಬೆಯ ಹೆಸರೂ ಆ ಭಾಷೆಯಲ್ಲಿ ಅದರಿಂದಲೇ ಆಗಿದೆ. ಎಸೆಯುವ ಅರ್ಥ ಎಲ್ಲಿಂದ ಬಂದಿತೆಂಬುದು ಮಾತ್ರ ಯಾರಿಗೂ ಖಚಿತವಿಲ್ಲವಂತೆ. ಕೊನೆಯಲ್ಲಿ ಇನ್ನೊಂದು ಪ್ರಯೋಗ: ಕಡಿಮೆ ಫಲ ಬಿಡುವ ಮರಕ್ಕೂ ಆಂಗ್ಲರು ಇದೇ ಶಬ್ದವನ್ನು ಬಳಸುತ್ತಾರೆ.

ಓದುತ್ತಿದ್ದ ಹಾಗೆ ಆ ನಡುಮನೆ ನನ್ನ ಕಣ್ಣಿನಿಂದ ಮರೆಯಾಯಿತು. ನಾನು ಹುಡುಗನಾಗಿದ್ದಾಗ ಒಮ್ಮೆ, ನಮ್ಮ ತಂದೆ ಹೊಸದಾಗಿ ಗಾಡಿಗೆ ಹೂಡಿದ್ದ ಎಳೆಯ ಎತ್ತು ಕಂದಿಕೆರೆಯ ದಾರಿಯಲ್ಲಿ, ಬೇಲಿಯ ಮೇಲೆ ಒಣಹಾಕಿದ್ದ ಬಿಳಿಯ ಪಂಚೆಯೊಂದನ್ನು ಕಂಡಿತ್ತು. ಅದು ಓಡಲಿಲ್ಲ. ಕಿವಿ ನಿಮಿರಿಸಿ, ಮೂಗಿನ ಹೊಳ್ಳೆ ಅರಳಿಸಿ, ಥಟ್ಟನೆ ಪಕ್ಕಕ್ಕೆ ಸರಿಯಿತು. ಗಾಡಿಯ ಒಂದು ಚಕ್ರ ಚರಂಡಿಗೆ ಇಳಿಯಿತು. “ಬೆದರ್ತದೆ, ಅಷ್ಟೇಯ. ಹೊಡೀಬ್ಯಾಡ,” ಎಂದು ತಂದೆ ಕೆಳಗಿಳಿದು ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ತಡವುತ್ತಾ ನಿಂತಿದ್ದರು. ಹಳೆಯ ಎತ್ತು ಏನೂ ಆಗದಂತೆ ಪಕ್ಕದಲ್ಲಿ ಮೆಲುಕು ಹಾಕುತ್ತಿತ್ತು.

ಆ ದಿನ ಜಗಲಿಯ ಕಂಬದ ಹಿಂದೆ ನಾನು ಸರಿದದ್ದೂ ಹಾಗೆಯೇ ಅಲ್ಲವೇ?

“ಏನಾದ್ರೂ ಸಿಕ್ತಾ ಮೇಷ್ಟ್ರೇ?”

ಸಿಕ್ಕಿದ್ದನ್ನು ಹೇಳಬೇಕೋ ಬೇಡವೋ! ಹೇಳಿದರೆ ಅವರೂ ಬರೆದುಬಿಟ್ಟಾರು. ಆದರೆ ಪುಸ್ತಕ ಅವರದು, ಕಾಫಿ ಅವರದು. ಎತ್ತಿನ ನೆನಪನ್ನು ಬಿಟ್ಟು, ನಿಘಂಟಿನಲ್ಲಿದ್ದುದನ್ನಷ್ಟೇ ಹೇಳಿದೆ. ಅವರು ಎದ್ದು ಬಂದು ಇಣುಕಿ ನೋಡಿ, “ಓಹ್, ಚೆನ್ನಾಗಿದೆ! ಬೆದರೋ ಎತ್ತು, ಗಾಡಿ ಇದೆಲ್ಲ ನಿಮಗೇ ಸರಿಯಾಗಿ ಗೊತ್ತಿರೋದು. ನೀವೇ ಬರೀರಿ. ನಾನು ನನ್ನ ನಾಚಿಕೆಯನ್ನೇ ತಿದ್ದಿ ಬರೀತೀನಿ,” ಎಂದರು.

ಅವರು ಬಿಟ್ಟುಕೊಟ್ಟದ್ದು ನನಗೆ ಹೊಡೆದಂತಾಯಿತು. ಗಾಡಿಯ ವಿಷಯ ನನಗೆ ಗೊತ್ತಿರುವುದೆಂದು ಅವರಿಗೆ ಹೇಗೆ ತಿಳಿಯಿತು? ತೀಡಿದ ಅಂಗಿಯೊಳಗಿನಿಂದಲೂ ನನ್ನ ಹಳ್ಳಿ ಕಾಣುತ್ತಿತ್ತೆಂದಾಯಿತು.

ಮರಳಿ ಬಂದು ಚೀಟಿಯ ಮುಂದೆ ಕುಳಿತಾಗ ನಿಜವಾದ ಕಷ್ಟ ಆರಂಭವಾಯಿತು. ‘ಬೆದರುವ’ ಎಂದು ಮೊದಲು ಬರೆದರೆ, ಸಭೆಯಲ್ಲಿ ಮುಖ್ಯೋಪಾಧ್ಯಾಯರು ಏನೆಂದಾರು? ಬಿ.ಎ. ಓದಿದರೂ ಬಾಯಲ್ಲಿ ಬರುವುದು ಎತ್ತಿನ ಮಾತೇ ಎಂದಾರು. ‘ಲಜ್ಜಾಶೀಲ’ವನ್ನು ಮೊದಲಿಟ್ಟು ಇದನ್ನು ಕೊನೆಗೆ ಸೇರಿಸಿದೆ. ಹರಿದು ಹಾಕಿದೆ. ಎರಡನ್ನೂ ಅಕ್ಕಪಕ್ಕ ಇಟ್ಟೆ, ಅದನ್ನೂ ಹರಿದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, “ನಮ್ ಲಗ್ನಪತ್ರಿಕೆ ಕಾಗ್ದ ಎಲ್ಲಾ ಖಾಲಿ ಮಾಡ್ತೀರಾ ಸಾರ್,” ಎಂದು ಗೊಣಗಿದರು. ಕೊನೆಗೆ ನನ್ನನ್ನು ನಿರ್ಧಾರಕ್ಕೆ ತಂದದ್ದು ವಿವೇಕವಲ್ಲ, ಹೊಟ್ಟೆಕಿಚ್ಚು. ನಾಚಿಕೆ ಎಂಬ ಅರ್ಥವನ್ನು ಅವರು ನನಗಿಂತ ಚೆನ್ನಾಗಿ ಬರೆಯಬಲ್ಲರು. ಬೆದರುವುದನ್ನು ಅವರು ಬರೆಯಲಾರರು. ಅವರಿಗೆ ಸಾಧ್ಯವಿಲ್ಲದ್ದು ಅದೊಂದೇ ಇದ್ದುದರಿಂದ ಅದನ್ನೇ ಮೊದಲಿಗೆ ಇಟ್ಟೆ.

“ಬೆದರುವ. ಹೊಸದನ್ನು ಕಂಡು, ಓಡದೆ, ಪಕ್ಕಕ್ಕೆ ಸರಿಯುವ. ಮೊದಲು ಪ್ರಾಣಿಗಳಿಗೆ, ಆಮೇಲೆ ಮನುಷ್ಯರಿಗೆ. ಉದಾಹರಣೆ: ಬೇಲಿಯ ಮೇಲಿನ ಬಟ್ಟೆಗೆ ಎಳೆಯ ಎತ್ತು ಬೆದರಿತು. ಹೊಸಬರನ್ನು ಕಂಡು ಹುಡುಗ ಬಾಗಿಲ ಹಿಂದಕ್ಕೆ ಸರಿದನು.” ಕಡಿಮೆ ಕಾಯಿ ಬಿಡುವ ಮರವನ್ನು ಕೆಳಗೆ ಸೇರಿಸಿ, ಮೂಲದ ಸಾಲು ಬರೆದು, ಅಟ್ಟಕ್ಕೆ ಏರಿಸಿದೆ.

ಕೊನೆಯ ಸಂತೆ ಬಂದಿತು. ಬಿಸಿಲು ಹೆಚ್ಚಾಗಿದ್ದುದರಿಂದ ಜಗಲಿಯಲ್ಲಿ ಕೂರಲು ಸ್ಥಳವಿರಲಿಲ್ಲ. ಮೊದಲು ಅವರ ಚೀಟಿಯನ್ನು ನಾನು ಓದಬೇಕಿತ್ತು. ಅವರು ಕುದುರೆಯನ್ನು ತೆಗೆದುಹಾಕಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ವರನೇ ತಲೆ ತಗ್ಗಿಸಿ ಕುಳಿತ ಉದಾಹರಣೆಯನ್ನು ಕೊಟ್ಟಿದ್ದರು. ನಿಜಕ್ಕೂ ಚೆನ್ನಾಗಿತ್ತು. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು.

“ಯಾರ್ ಕಿವಿಗೆ ಓದ್ತಾ ಇದೀರಿ ಸ್ವಾಮಿ? ಜೋರಾಗಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ಒಂದು ಯೋಚನೆ ನನ್ನನ್ನು ಹಿಡಿದು ನಿಲ್ಲಿಸಿತು. ಇದನ್ನು ನಾನು ಕೆಡಿಸಿ ಓದಿದರೆ, ಹೊಟ್ಟೆಕಿಚ್ಚಿಗೆ ಹಾಗೆ ಓದಿದನೆಂದು ಸಂಪಾದಕರು ತಿಳಿಯುತ್ತಾರೆ. ಹೊಟ್ಟೆಕಿಚ್ಚು ಇದ್ದುದು ನಿಜವೇ ಆದ್ದರಿಂದ ಆ ಭಯ ಇನ್ನೂ ಹೆಚ್ಚಾಯಿತು. ಕಂಬ ಬಿಟ್ಟು ಜಗಲಿಯ ಅಂಚಿಗೆ ಬಂದು, ಜೀವಮಾನದಲ್ಲಿ ಎಂದೂ ಓದಿರದಷ್ಟು ಗಟ್ಟಿಯಾಗಿ, ಎದುರಾಳಿಯ ಚೀಟಿಯನ್ನು ಓದಿದೆ. ಜನ ನಕ್ಕರು, ಒಪ್ಪಿದರು. ಸಂಪಾದಕರು ಕನ್ನಡಕವನ್ನು ಮೇಲೆತ್ತಿ ನನ್ನನ್ನು ನೋಡಿದರು.

ನನ್ನ ಚೀಟಿಯನ್ನು ವಕೀಲರ ಮಗ ತೆಗೆದುಕೊಂಡರು. ‘ಬೆದರುವ’ ಎಂದು ಓದಿ ಸ್ವಲ್ಪ ನಿಲ್ಲಿಸಿದರು. ಎತ್ತಿನ ಸಾಲು ಮುಗಿಯುವಷ್ಟರಲ್ಲಿ ಜಗಲಿಯ ಕೆಳಗಿದ್ದ ಗಾಡಿಯವನು ತನ್ನ ಎತ್ತಿನ ಬೆನ್ನು ತಟ್ಟಿದನು.

“ಕೇಳ್ಸ್ಕಂಡ್ಯಾ? ನಿನ್ ಇಷ್ಯ ಇಂಗ್ಲೀಸ್‌ನಾಗೂ ಬರ್ದವ್ರೆ!”

“ನಮ್ಮನೆ ಅಳಿಯಂಗೂ ಒಪ್ತದೆ ಕಣ್ರೀ,” ಎಂದರು ಟವಲಿನ ಹಿರಿಯರು. “ನನ್ ಕಂಡ್ರೆ ಹಿಂಗೇ, ಓಡಕಿಲ್ಲ, ಸರ್ಕಂತಾನೆ.”

ಕಡಿಮೆ ಕಾಯಿಯ ಮರಕ್ಕೆ ಮಾತ್ರ ಒಪ್ಪಿಗೆ ದೊರೆಯಲಿಲ್ಲ. “ಅದು ಬೆದ್ರೋದಲ್ಲ, ಸೋಮಾರಿತನ,” ಎಂದು ತೀರ್ಪಾಯಿತು. ಸಂಪಾದಕರು ಆ ಸಾಲಿನ ಮೇಲೆ ಗೀಟು ಎಳೆದು, ಉಳಿದುದನ್ನು ಮೊಳೆ ಜೋಡಿಸುವವರ ಕೈಗೆ ಕೊಟ್ಟರು. “ಇದು ಗಡಗಡ ಅಂತು ಕಣಯ್ಯ,” ಎಂದು ಅವರು ಹೇಳಿದ್ದು ನನಗೆ; ನಾನು ನೋಡುತ್ತಿದ್ದುದು ವಕೀಲರ ಮಗನ ಮುಖವನ್ನು. ಅವರು ತಾವು ಸೋತುದನ್ನೇ ಮರೆತು ಚಪ್ಪಾಳೆ ತಟ್ಟುತ್ತಿದ್ದರು.

ಮುಖ್ಯೋಪಾಧ್ಯಾಯರ ಸಭೆಯಲ್ಲೂ ಬರೆದವನು ಓದಕೂಡದೆಂಬ ನಿಯಮವನ್ನು ಸಂಪಾದಕರು ಬಿಡಲಿಲ್ಲ. ವಕೀಲರ ಮಗನೇ ಓದಿದರು. ಎತ್ತಿನ ಮಾತಿಗೆ ಯಾರೂ ಮೂಗು ಮುರಿಯಲಿಲ್ಲ. ಓದಿ ಮುಗಿದ ಮೇಲೆ ಎಲ್ಲರೂ ಎದ್ದು ಹೋಗಿ ಅವರ ಕೈ ಕುಲುಕಿದರು. “ಎಂಥ ಕಂಠ! ಎಷ್ಟು ಸೊಗಸಾದ ವಿವರಣೆ!” ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ಒಬ್ಬರು ನನ್ನನ್ನು ನೀರು ತರಲು ಹೇಳಿದರು. ತಂದುಕೊಟ್ಟೆ. ವಕೀಲರ ಮಗ ಗುಂಪಿನ ನಡುವಿನಿಂದ ನನ್ನ ಕಡೆ ಕೈ ತೋರಿಸಿ, “ಬರೆದವರು ಅವರು, ಆ ಮೇಷ್ಟ್ರು,” ಎಂದು ಕೂಗಿ ಹೇಳಿದರು. ಎಲ್ಲರೂ ತಿರುಗಿದರು. ನಾನು ಬಾಗಿಲ ಪಕ್ಕಕ್ಕೆ ಸರಿದೆ.

ಸಂಪಾದಕರು ಕೊಟ್ಟ ಮಾತನ್ನು ನಡೆಸಿದರು. ಪುಸ್ತಕ ಅಚ್ಚಾಗಿ ಬಂದಾಗ ಮೊದಲ ಪುಟದಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರಿತ್ತು, ಒಬ್ಬನದೇ. ಒಂದು ಪ್ರತಿಯನ್ನು ಹಿಡಿದು ನಾನು ನೇರವಾಗಿ ವಕೀಲರ ಮನೆಗೆ ಹೋದೆ. ಆ ಹೆಸರನ್ನು ನೋಡುವಾಗ ಅವರ ಮುಖ ಹೇಗಾಗುವುದೆಂದು ನೋಡಬೇಕಿತ್ತು.

ಅವರು ಪುಸ್ತಕವನ್ನು ಮೂಸಿ ನೋಡಿದರು. ಮೊದಲ ಪುಟ ತೆರೆದರು. ಬೆದರುವ ಎತ್ತಿನ ಕಿವಿಯನ್ನು ಗಮನಿಸುವಂತೆ ನಾನು ಅವರನ್ನೇ ಗಮನಿಸುತ್ತಿದ್ದೆ. ಎಲ್ಲಿಯೂ ಏನೂ ಅಲುಗಲಿಲ್ಲ.

“ಅಮ್ಮಾ, ಬಾ ಇಲ್ಲಿ, ಮೇಷ್ಟ್ರ ಹೆಸರು ನೋಡು!” ಎಂದು ಒಳಗೆ ಕೂಗಿದರು. ನನ್ನ ಕಡೆ ತಿರುಗಿ, “ಇದನ್ನ ನನಗೆ ಕೊಟ್ಟುಬಿಡಿ. ನಿಮ್ಮ ಸಹಿ ಹಾಕಿ ಕೊಡಿ,” ಎಂದು ಜೇಬಿನಿಂದ ತಮ್ಮ ಪೆನ್ನನ್ನು ತೆಗೆದು ನನ್ನ ಕೈಗಿತ್ತರು.

ಕಡುಹಸಿರು ಬಣ್ಣದ ಆ ಪೆನ್ನಿನಿಂದ, ನನ್ನ ಅಚ್ಚಾದ ಹೆಸರಿನ ಕೆಳಗೆ, ನನ್ನ ಸಹಿ ಹಾಕಿದೆ. ಅವರ ತಾಯಿ ಕಾಫಿ ತಂದರು. ಈ ಬಾರಿ ಬಟ್ಟಲಿನಲ್ಲಿಯೇ ಕುಡಿದೆ. ತುರುವೇಕೆರೆಯ ಬಸ್ಸು ಹತ್ತಿ ಕುಳಿತೆ. ಇನ್ನೊಂದು ಪ್ರತಿ ಚೀಲದಲ್ಲಿತ್ತು. ಅದನ್ನು ತೆರೆದು ನನ್ನ ಹೆಸರನ್ನು ನೋಡಿಕೊಳ್ಳಬೇಕೆಂದು ನೊಣವಿನಕೆರೆ ದಾಟುವವರೆಗೂ ನೆನಪಾಗಲಿಲ್ಲ. ಆ ಪೆನ್ನು ಎಷ್ಟು ನುಣುಪಾಗಿ ಬರೆಯುತ್ತಿತ್ತೆಂಬುದನ್ನೇ ಯೋಚಿಸುತ್ತಿದ್ದೆ.